ಆಟಕ್ಕುಂಟು, ಲೆಕ್ಕಕ್ಕಿಲ್ಲ

ವುಚ್ ಅಂದರೆ ಅವರ ನುಡಿಯಲ್ಲಿ ದೋಣಿ.
ಊರಿಗೆ ಹೇಳಿಕೊಳ್ಳುವಂಥ ಹೊಳೆಯಿಲ್ಲ.
ಇದ್ದ ತೊರೆಗಳನ್ನು ಗಿರಣಿಗಳ ಕಾಲದಲ್ಲೇ
ನೆಲದಡಿಯ ಕೊಳವೆಗೆ ತುರುಕಿದರಂತೆ.
ಆದರೂ ಯಾರೂ ಈ ಊರನ್ನು ತಡೆದು ಕೇಳಿಲ್ಲ,
ನೀನು ದೋಣಿ ಹೌದೋ ಅಲ್ಲವೋ ಎಂದು.

ಹಳೆಯ ನೂಲಿನ ಗಿರಣಿ, ಮೂರನೆಯ ಮಹಡಿ, ನವೆಂಬರ್.
ಐದು ಜನ ತೀರ್ಪುಗಾರರು, ಒಂದೇ ಹೀಟರ್,
ಮೂಲೆಯಲ್ಲಿ ನಡಾವಳಿ ಬರೆಯುವ ನಾನು.
ಹದಿನೇಳನೆಯ ಅರ್ಜಿ ಯಾಗ್ನಾ ಎಂಬ ಹುಡುಗಿಯದು,
ಹೆಸರು: ಲಿಫ್ಟ್ ಕೆಟ್ಟಿದೆ.

ಎರಡು ಕೈಗೆ ಎರಡು ಚೀಲ.
ಆಲೂಗಡ್ಡೆ, ಹಾಲು, ಬೆಕ್ಕಿನ ತಟ್ಟೆಗೆ ಮರಳು.
ಹತ್ತಬೇಕು, ಒಂಬತ್ತು ಮಹಡಿ.
ಎಡಗಾಲಿಗೊಂದು ಗುಂಡಿ, ಬಲಗಾಲಿಗೊಂದು,
ಎರಡನ್ನೂ ಬಿಟ್ಟರೆ ಚೀಲ ಇಳಿಸಿ ನಿಲ್ಲುತ್ತೀರಿ.
ಅಂಕವಿಲ್ಲ. ಗಡಿಯಾರವಿಲ್ಲ. ಸಾಯುವುದೂ ಇಲ್ಲ.
ನಾಲ್ಕನೆಯ ಮಹಡಿಯಲ್ಲಿ ಯಾರೋ ಈರುಳ್ಳಿ ಹುರಿಯುವ ಸದ್ದು.
ಒಂಬತ್ತರಲ್ಲಿ ಕರೆಗಂಟೆ ಒತ್ತಿದರೆ
ಬಾಗಿಲಾಚೆಯಿಂದ ಒಂದು ದನಿ: "ಅಲ್ಲೇ ಇಡಮ್ಮ."
ಮುಗಿಯಿತು.

"ಇದು ಆಟವಲ್ಲ" ಎಂದ ಬೊಗುಮಿವ್,
ಮೂವತ್ತು ವರ್ಷ ಹತ್ತಕ್ಕೆ ಇಷ್ಟು, ಹತ್ತಕ್ಕೆ ಅಷ್ಟು ಎಂದು
ಆಟಗಳಿಗೆ ಅಂಕ ಕೊಟ್ಟವನು.
"ಸೋಲಲು ಬಾರದ್ದನ್ನು ಗೆಲ್ಲುವುದು ಹೇಗೆ?
ಇದು ಮೆಟ್ಟಿಲು. ಮೆಟ್ಟಿಲಿಗೆ ಬಹುಮಾನ ಕೊಡಲಾರೆ."
"ಗೋಡೆಗೆ ಚೆಂಡು ಎಸೆಯುವ ಮಗು
ಯಾರನ್ನು ಸೋಲಿಸುತ್ತದೆ?" ಸೆವೆರಿನ್ ಕೇಳಿದ.
"ಗೋಡೆಯನ್ನು."
ಎಲ್ಲರೂ ನಕ್ಕರು. ನಾನೂ.

ಆಮೇಲೆ ಹಲ್ಶ್ಕಾ ತನ್ನ ವಿಮರ್ಶೆ ಓದಿದಳು.
ಅದರಲ್ಲಿ ಚಿತ್ರ ಹೇಗಿದೆ, ಎಷ್ಟು ಹೊತ್ತು ಆಡಬಹುದು,
ಕೊಟ್ಟ ಕಾಸಿಗೆ ಮೋಸವೇ, ಯಾವುದೂ ಇರಲಿಲ್ಲ.
ಇದ್ದದ್ದು ಅವಳ ಬಲ ಮಂಡಿ.
ಮೊದಲ ಮಹಡಿಯಲ್ಲಿ ಮಂಡಿ ಸುಮ್ಮನಿತ್ತು.
ಮೂರರಲ್ಲಿ, ಕುರ್ಚಿಯಲ್ಲಿ ಕೂತೇ, ನೋಯತೊಡಗಿತು.
ಐದರಲ್ಲಿ ಗುಂಡಿ ಬಿಟ್ಟದ್ದು ಬೆರಳಿಗೇ ಗೊತ್ತಾಗಲಿಲ್ಲ.
"ಏಳರಲ್ಲಿ ನೆನಪಾಯಿತು, ಹೋದ ಫೆಬ್ರವರಿ.
ಮೆಟ್ಟಿಲ ಮೇಲೆ ಕೂತಿದ್ದ ಹುಡುಗನಿಗೆ
ದಾರಿ ಬಿಡಯ್ಯ ಅಂದಿದ್ದೆ.
ಪಕ್ಕದಲ್ಲಿದ್ದ ಚೀಲ ನನ್ನ ಮನೆಗೇ ಬರುತ್ತಿತ್ತು."
ಅಷ್ಟು ಓದಿ ಹಾಳೆ ಮಡಚಿದಳು.

"ಇದು ವಿಮರ್ಶೆಯೂ ಅಲ್ಲ" ಎಂದ ಬೊಗುಮಿವ್, ಮೆಲ್ಲಗೆ.

ಬರೆದುಕೊಂಡೆ: ಅಲ್ಲ. ಕೆಳಗೆ ಇನ್ನೊಂದು: ಅಲ್ಲ.
ಬರೆಯುವುದು ಅವರ ನುಡಿಯಲ್ಲಿ,
ಅಂದುಕೊಳ್ಳುವುದು ನನ್ನದರಲ್ಲಿ.
ನನ್ನದರಲ್ಲಿ ಉಸಿರೂ ಆಡುತ್ತದೆ.
ಮಾತು ಆಡುವಂಥದ್ದೇ; ಜಗಳವೂ.
ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡುತ್ತೇವೆ,
ಬಾಡಿಗೆಗೆ ಪರದಾಡುತ್ತೇವೆ, ಜ್ವರಕ್ಕೆ ನರಳಾಡುತ್ತೇವೆ,
ಗೆದ್ದವರಾರೆಂದು ಯಾವ ವ್ಯಾಕರಣವೂ ಕೇಳಿಲ್ಲ.
ಓಡುವುದು ಬೇರೆ, ಓಡಾಡುವುದು ಬೇರೆ:
ತಲುಪುವ ಆತುರ ಕಳಚಿದ ಓಟಕ್ಕೆ
'ಆಡು' ತಾನಾಗಿ ಬಂದು ಅಂಟಿಕೊಳ್ಳುತ್ತದೆ.

ಇದನ್ನು ಹೇಳಬಹುದಿತ್ತು.
ನಡಾವಳಿ ಬರೆಯುವವಳಿಗೆ ಮತವಿಲ್ಲ.
ಚಿಕ್ಕಂದಿನಲ್ಲೂ ದೊಡ್ಡ ಮಕ್ಕಳ ನಡುವೆ
ನನಗೆ ಸಿಕ್ಕ ಜಾಗ ಇದೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಔಟಾದರೂ ಔಟಲ್ಲ, ಹಿಡಿದರೂ ಬಿಟ್ಟುಬಿಡುತ್ತಿದ್ದರು.
ಆ ಸಂಜೆಗಳಲ್ಲಿ ನನ್ನಷ್ಟು ಓಡಿದವರು ಇನ್ನೊಬ್ಬರಿಲ್ಲ.

ಮೂರು ಮತ, ಎರಡು ಮತ. ಆಟವಲ್ಲ.
ಹಲ್ಶ್ಕಾ ಸಹಿ ಹಾಕಿ, ಮಫ್ಲರ್ ಸುತ್ತಿ,
ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.
ಬೊಗುಮಿವ್ ಉಳಿದ, ವೈರು ಸುತ್ತುವ ನೆಪದಲ್ಲಿ.

ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತೆ.
ಪರದೆ ಮತ್ತೆ ಹೊತ್ತಿಕೊಂಡಿತ್ತು.
ಎಡ, ಬಲ, ಎಡ. ಈರುಳ್ಳಿ. ಎಡ.
ಆರನೆಯ ಮಹಡಿಯಲ್ಲಿ ಎರಡೂ ಬೆರಳು ಎತ್ತಿದ.
ಕೋಣೆಯಲ್ಲಿ ಉಸಿರಾಟ ಕೇಳುತ್ತಿತ್ತು,
ಪರದೆಯದೋ ಅವನದೋ ಹೇಳಲಾರೆ.
"ಆಟವಲ್ಲ" ಎಂದ, ತಿರುಗದೆ.
ಎಡಗಾಲು.