ಇಪ್ಪತ್ತೈದು ಸೈಕಲ್ಲು

ಮಂಡ್ಯದ ಪೇಟೆ ಬೀದಿಯ ಅಂಗಡಿಯೊಳಗೆ
ಗೋಡೆ ತುಂಬ ಒಂದೇ ಹುಲಿ,
ಹದಿನೆಂಟು ಟೀವಿಗಳಲ್ಲಿ ಒಟ್ಟಿಗೇ ಓಡುತ್ತಿದೆ.
ಓಡುತ್ತಿದೆ ಅನ್ನಲೇ?
ಎಣ್ಣೆ ಸವರಿದ ನೆಲದ ಮೇಲೆ ಯಾರೋ ತಳ್ಳಿಬಿಟ್ಟ ಹಾಗೆ
ಜಾರುತ್ತಿದೆ.

"ನೂರಿಪ್ಪತ್ತು ಹರ್ಟ್ಜ್ ಆಂಟಿ," ಅಂದ ತೌಸೀಫ್,
ಕುತ್ತಿಗೆಯಲ್ಲಿ ಕಂಪನಿಯ ಪಟ್ಟಿ, ಕಿವಿಯ ಹಿಂದೆ ಪೆನ್ನು.
"ಸೆಕೆಂಡಿಗೆ ನೂರಿಪ್ಪತ್ತು ಸಲ ಚಿತ್ರ ಹೊಸದಾಗುತ್ತೆ.
ಆ ಕಡೇದು ನೂರನಲವತ್ನಾಲ್ಕು. ಬೆಣ್ಣೆ, ಆಂಟಿ, ಬೆಣ್ಣೆ."

ಬೆಣ್ಣೆಯೇ ನಿಜ. ನನಗೆ ಗಂಟಲಿಗೆ ಬಂತು.
ಹುಬ್ಬಿನ ನಡುವೆ ಯಾರೋ ಹೆಬ್ಬೆರಳಿಟ್ಟು
ಒಳಕ್ಕೆ ಒತ್ತಿದ ಹಾಗೆ,
ಕಾಲಡಿಯ ಟೈಲ್ಸು ಅರ್ಧ ಗೇಣು ಎಡಕ್ಕೆ ಸರಿಯಿತು.
ಕೈಗೆ ಸಿಕ್ಕಿದ್ದು ವಾಷಿಂಗ್ ಮಷೀನಿನ ಮೂಲೆ.

"ಬಿಪಿ ಮಾತ್ರೆ ನುಂಗಿದ್ಯಾ?" ಅಂದರು ಯಜಮಾನರು.
ಮೈಸೂರಿನ ಕಣ್ಣಿನ ಡಾಕ್ಟರು ಎರಡು ಸಲ
ದೀಪ ಬಿಟ್ಟು ನೋಡಿ, ಏನೂ ಇಲ್ಲ ಅಂದಿದ್ದರು.
ನಾದಿನಿ ಪಂಕಜಾಕ್ಷಿಯ ಮನೆಯ ಹೊಸ ಟೀವಿಯೆದುರು
ಹತ್ತು ನಿಮಿಷ ಕೂತು ಬಚ್ಚಲಿಗೆ ಓಡಿದ ದಿನ
ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದೂ ಕೇಳಿಸಿತ್ತು:
"ಹೊಟ್ಟೆಕಿಚ್ಚು, ಇನ್ನೇನು."

ಹೇಳುವುದು ಹೇಗೆ?
ಧಾರಾವಾಹಿಯ ಸೊಸೆ ಅಳುವಾಗ
ಕತೆ ಅನ್ನಿಸುವುದೇ ಇಲ್ಲ;
ನಮ್ಮ ಜಗಲಿಯಲ್ಲೇ ಪೌಡರು ಬಳಿದು ನಿಂತ ಯಾರೋ ಹುಡುಗಿ,
ಊಟದ ಹೊತ್ತು ಮೀರಿ ಸುಸ್ತಾದವಳು.
ನಡುವೆ ಇರಬೇಕಾದ ತೆಳು ಪರದೆಯೊಂದನ್ನು
ಎಳೆದುಬಿಟ್ಟಿದ್ದಾರೆ.

ನಾನು ಹುಟ್ಟಿದ್ದು ಬ್ಲಫಿನ ಕ್ವಾರ್ಟರ್ಸಿನಲ್ಲಿ.
ಶಿವನಸಮುದ್ರದ ನೀರು ಕೊಳವೆಯಲ್ಲಿ ಇಳಿದು
ಕರೆಂಟಾಗಿ ಕೋಲಾರದ ಗಣಿಗೆ ಹೊರಡುವ ಮುಂಚೆ
ನಮ್ಮ ಅಡುಗೆಮನೆಗೂ ಒಂದು ಬಲ್ಬಿನಷ್ಟು ಬರುತ್ತಿತ್ತು.
ಇಪ್ಪತ್ತೈದು ಸೈಕಲ್ಲಿನದು.
ಬೆಳಕು ಸಣ್ಣಗೆ ನಡುಗುತ್ತಿತ್ತು, ಚಳಿ ಹಿಡಿದ ಕರುವಿನ ಮೈಯ ಹಾಗೆ.
ಮಳವಳ್ಳಿಯಿಂದ ಬಂದ ನೆಂಟರು ಕಣ್ಣುಜ್ಜಿಕೊಳ್ಳುತ್ತಿದ್ದರು;
ನಾವು ಅದರಡಿಯಲ್ಲೇ ಮಗ್ಗಿ ಕಲಿತೆವು, ಹೇನು ಹೆಕ್ಕಿಸಿಕೊಂಡೆವು.

ರಾತ್ರಿ ಪಾಳಿ ಮುಗಿಸಿ ಟ್ರಾಲಿ ಹತ್ತಿ ಬಂದ ಅಪ್ಪ
ಮುದ್ದೆ ಮುರಿಯುತ್ತ ಒಮ್ಮೆ ಹೇಳಿದ್ದ:
"ಅದು ಆರಿ ಆರಿ ಹತ್ತುತ್ತೆ ಕಣವ್ವ.
ಆರಿದ್ದನ್ನ ಕಣ್ಣು ಲೆಕ್ಕಕ್ಕೆ ಹಿಡಿಯಲ್ಲ.
ಅಷ್ಟು ಒಳ್ಳೇದು ಕಣ್ಣು."

ನನ್ನ ಕಣ್ಣಿನ ಆ ಒಳ್ಳೆಯತನಕ್ಕೆ ಕೆಲಸ ಬೇಕೇನೋ.
ಗೊತ್ತಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ.

ತೌಸೀಫ್ ರಿಮೋಟು ಹಿಡಿದು ಪಟ್ಟಿಯೊಳಗಿನ ಪಟ್ಟಿಗೆ ಇಳಿದ,
ಯಾವುದೋ ಒಂದನ್ನು ಆಫ್ ಮಾಡಿದ. ಸ್ವಲ್ಪ ವಾಸಿ.
ಇನ್ನೊಂದನ್ನೂ ಆಫ್ ಮಾಡಿದ.
ನನ್ನ ಮುಖ ನೋಡಿದ. "ಹೋಗಲಿ ಆಂಟಿ," ಅಂತ
ಗೋಡೌನಿಗೆ ಹೋಗಿ, ಡಬ್ಬದ ಧೂಳು ಒರೆಸುತ್ತ ಬಂದ:
"ಅರವತ್ತರದು. ಹಳೇ ಮಾಡಲ್ಲು. ಯಾರೂ ಕೇಳಲ್ಲ."

ಸ್ಟೂಲು ಹಾಕಿಸಿಕೊಂಡು ಇಪ್ಪತ್ತು ನಿಮಿಷ ಕೂತೆ.
ಯಜಮಾನರು ಟೀ ಕುಡಿದು ಬಂದರು, ಮತ್ತೆ ಹೋದರು.
ಯಾವುದೋ ಚಾನೆಲ್ಲಿನಲ್ಲಿ ಒಬ್ಬಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.
ಮೇಲೆದ್ದ ಕಾಳು ಒಂದೊಂದಾಗಿ ಕಾಣಲಿಲ್ಲ,
ಬೆಳ್ಳಗೆ ಒಂದು ಬೀಸು,
ನಾನು ಕೇರುವಾಗ ಕಾಣುವಂಥದೇ.
ಟೈಲ್ಸು ಇದ್ದಲ್ಲೇ ಇತ್ತು.

"ಇದನ್ನೇ ಕಟ್ಟಪ್ಪ" ಅಂದೆ.
ಎರಡು ಸಾವಿರ ಬಿಟ್ಟರು, ಗೋಡೆಗೆ ಹೊಡೆಯುವ ಮೊಳೆ ಪುಕ್ಕಟೆ.

ಭಾನುವಾರ ಕ್ರಿಕೆಟ್ಟು.
ಯಜಮಾನರು ಕುರ್ಚಿ ಎಳೆದುಕೊಂಡು ಗೊಣಗಿದರು:
"ನೋಡು, ಚೆಂಡಿಗೆ ಬಾಲ ಬರ್ತದೆ."
ಅವರೆಕಾಯಿ ಸುಲಿಯುತ್ತ ತಲೆಯೆತ್ತಿದೆ.
ಬಂದಿತ್ತು, ಪುಟ್ಟದೊಂದು, ಇಲಿಮರಿಯದಷ್ಟು.
ಬರಲಿ ಬಿಡಿ ಅಂದೆ.