ಚೌಕಟ್ಟಿನಾಚೆ

ಆಗ ನಾನು ಬಣ್ಣ ಅರೆಯುವ ಹುಡುಗ, ಲಿಯೋನಿನಲ್ಲಿ,
ಆನ್ಸೆಲ್ಮ್ ಧಣಿಗಳ ಅಟ್ಟದ ಕೋಣೆಯಲ್ಲಿ.
ರೇಷ್ಮೆ ವ್ಯಾಪಾರಿಯ ಹೆಂಡತಿ ಬಂದು ಕೂತಳು:
ಬರಿಗೊರಳು, ಕೆಂಪು ಶಾಲು, ಬೆನ್ನ ಹಿಂದೆ
ಧಣಿಗಳೇ ಹುಟ್ಟಿಸಿದ ಬಿರುಗಾಳಿ ಮೋಡ,
ತೊಡೆಯ ಮೇಲೆ ಕೂಸು.

ಕೂಸೋ, ಅವಳ ಕೈಯಲ್ಲಿ ಗಳಿಗೆ ನಿಲ್ಲದು.
ಚೀಲಕ್ಕೆ ಹಾಕಿದ ಬೆಕ್ಕಿನ ಹಾಗೆ ಕೊಸರಾಟ.
ಕೊನೆಗೆ ಹಾಲೂಡುವ ಫಿಲಿಬೆರ್ತಳನ್ನು ಕರೆಸಿ
ಚಿತ್ರಪಟದ ಹಿಂದೆ, ನನ್ನ ಅರೆಗಲ್ಲಿನ ಬಳಿ ನಿಲ್ಲಿಸಿದರು.
ತಟ್ಟನೆ ಗಪ್‌ಚಿಪ್. ಕಣ್ಣು ಅವಳಲ್ಲೇ ನೆಟ್ಟಿತು.
ಅವಳ ಅಂಗಿ ಎದೆಯ ಬಳಿ ಒದ್ದೆಯಾಯಿತು.
ನೋಡಬಾರದೆಂದು ನಾನು ಸೀಸದ ಬಿಳಿ ಅರೆದೆ,
ಬೇಕಾದ್ದಕ್ಕಿಂತ ಹೆಚ್ಚು.

ಮಗು ಎತ್ತ ನೋಡುತ್ತಿದೆಯೆಂದು ಆಕೆಯೂ ಕಂಡಳು.
ಆ ಮುಖಕ್ಕೆ ಧಣಿಗಳು
‘ತಾಯ್ತನದ ವಿಷಾದ’ ಎಂದರು, ಹಾಗೇ ಬಿಡಿಸಿದರು.

ಮೋರ್ವಾನ್ ಗುಡ್ಡದಲ್ಲಿ ಫಿಲಿಬೆರ್ತಳದೂ ಒಂದಿತ್ತು,
ಆಡಿನ ಹಾಲಿಗೆ ಬಿಟ್ಟು ಬಂದದ್ದು.
ಹೆಸರು ಕೇಳಿದ್ದೆ ಒಮ್ಮೆ. ಹೇಳಿದ್ದಳು.
ಮರೆತಿದ್ದೇನೆ.

ಈಗ ಪ್ರದರ್ಶನದಲ್ಲಿ ಜನ ಟೋಪಿ ತೆಗೆದು ನಿಲ್ಲುತ್ತಾರೆ:
ಆಹಾ, ಎಷ್ಟು ದೂರ ನೋಡುತ್ತಿದೆ ಮಗು, ಅನಂತವನ್ನು!
ಅಷ್ಟೇನೂ ದೂರವಲ್ಲ ಸ್ವಾಮಿ,
ಎರಡೇ ಮಾರು.