ಅಳಿವೆ

ನಮ್ಮ ಮನೆಯಲ್ಲಿ ಅಲಾರಾಂ ಇಲ್ಲ.
ರಾತ್ರಿ ಎರಡಕ್ಕೆ ದಿಂಬಿನಡಿ ಫೋನು ನಡುಗುತ್ತದೆ,
ಬಲೆಗೆ ಬಿದ್ದ ಬಂಗುಡೆಯ ಹಾಗೆ, ಒಂದೆರಡು ಸಲ.
ರೋಹಿಣಿಯನ್ನು ಎಬ್ಬಿಸಬೇಕಾದರೆ
ಕಾಲಿನ ಹೆಬ್ಬೆರಳು ಹಿಡಿಯುತ್ತೇನೆ, ಮೆಲ್ಲ.
ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ
ಹೆಸರೇ ಅವಳನ್ನು ಕೊಂಡುಹೋದೀತು.

ಅವಳ ಚಿಕ್ಕಮ್ಮ ಜಲಜಾಕ್ಷಿ
ಹೆತ್ತ ಹನ್ನೊಂದನೆಯ ದಿನ ಹೋದದ್ದು.
ಕೊಡವೂರಿನ ಮನೆ, ಮಧ್ಯಾಹ್ನದ ನಿದ್ದೆ,
ಬಚ್ಚಲಲ್ಲಿ ಯಾರದೋ ಕೈಯಿಂದ
ಹಿತ್ತಾಳೆ ಚೊಂಬು ಜಾರಿತು.
ಅಷ್ಟೆ. ಚೊಂಬು ಉರುಳಿ ನಿಲ್ಲುವ ಮೊದಲೇ
ಬಾಣಂತಿ ನಿಂತುಹೋಗಿದ್ದಳು.
ಕುಲೆಯ ಕಾಟ ಅಂದರು. ಗಾಳಿ ಅಂದರು.
ಚೊಂಬನ್ನು ಯಾರೂ ಸಂಶಯಿಸಲಿಲ್ಲ;
ಒಂದು ಬದಿ ನಜ್ಜಿಕೊಂಡು ಅದು ಈಗಲೂ ಉಂಟು,
ಅತ್ತೆ ಅದರಲ್ಲೇ ತುಳಸಿಗೆ ನೀರು ಹಾಕುತ್ತಾರೆ.

ರೋಹಿಣಿ ಬಿದ್ದದ್ದು ಮಲ್ಪೆ ಬಂದರಿನ ಹರಾಜಿನಲ್ಲಿ.
ಐಸಿನ ಲಾರಿ ಹಿಂದಿನಿಂದ ಹಾರ್ನ್ ಹೊಡೆಯಿತು,
ಬುಟ್ಟಿ ಸಮೇತ ಬಿದ್ದಳು, ಬೂತಾಯಿ ಚೆಲ್ಲಿ.
ಮೊದಲು ನಗಾಡಿದರು.
ಮಣಿಪಾಲದಲ್ಲಿ ಕಾಗದ ಬಿಚ್ಚಿ ತೋರಿಸಿದರು,
ಗುಲಾಬಿ ಚೌಕಗಳ ಮೇಲೆ ಅವಳ ಎದೆ ಬರೆದ ಅಲೆಗಳು.
ನನ್ನ ಓದು ಏಳನೇ ಕ್ಲಾಸು. ಆದರೆ ಅಲೆ ಗೊತ್ತು.
"ಈ ಕೊನೆಯದ್ದು ತಡ ಮಾಡ್ತದೆ" ಅಂದೆ.
ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ರಕ್ತ ಎಲ್ಲಿಗೋ ಹೋಯಿತು. ಆರು ವಾರ ಕಳೆದು
ಒಂದು ಹೆಸರು ಬಂತು: ಕೆಸಿಎನ್‌ಎಚ್ ಟೂ.
ನನ್ನ ಬೋಟಿನ ನಂಬರಿಗಿಂತ ಸಣ್ಣದು.
ಬಾಗಿಲು ಕಟ್ಟುವ ಕೆಲಸವಂತೆ ಅದರದ್ದು.
ಬಡಿತ ಒಂದು ಮುಗಿದಾಗ
ಪೊಟ್ಯಾಸಿಯಂ ಎಂಬ ಉಪ್ಪು ಆ ದಾರಿಯಲ್ಲಿ ಹೊರಗೆ ಹೋಗಬೇಕು,
ಹೋದರೆ ಮಾತ್ರ ಎದೆಗೆ ಬಿಡುವು,
ಬಿಡುವಾದರೆ ಮಾತ್ರ ಇನ್ನೊಂದು ಬಡಿತ.
ಬಾಗಿಲು ಸಾಲದಿದ್ದರೆ ಉಪ್ಪು ಒಳಗೇ ಕಾಯುತ್ತದೆ.
ಕಾಯುವ ಹೊತ್ತಿನಲ್ಲಿ ಒಂದು ಸದ್ದು ಬಂದರೆ
ಎದೆ ಲಯ ಬಿಟ್ಟು ಸುಳಿಯಾಗುತ್ತದೆ.

ಅಳಿವೆ, ಅಂದೆ ನಾನು.
ಡಾಕ್ಟರು ಘಟ್ಟದ ಮೇಲಿನವರು, ಗೊತ್ತಾಗಲಿಲ್ಲ.
ಹೊಳೆ ಕಡಲಿಗೆ ಸೇರುವ ಬಾಯಿ, ಸಾರ್. ಹೂಳು ತುಂಬಿದರೆ
ಇಳಿತದ ನೀರು ಹೊರಗೆ ಹೋಗಲಾರದೆ ತಿಣುಕುತ್ತದೆ,
ಅದರ ಮೇಲೆ ಕಡಲಿನದ್ದೊಂದು ಅಲೆ ಎದುರು ಬಂತೋ,
ಬೋಟು ಮಗುಚಿತೆಂದೇ ಲೆಕ್ಕ.
ನನ್ನ ಅಪ್ಪ ಹೋದದ್ದು ಅಲ್ಲೇ,
ದಡದಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ತಪ್ಪು ಎಷ್ಟು ದೊಡ್ಡದು, ಕೇಳಿದೆ.
ಒಂದು ಅಕ್ಷರ, ಅಂದರು.
ಅಷ್ಟು ಏಳನೇ ಕ್ಲಾಸಿನವನಿಗೂ ಅರ್ಥವಾಗುತ್ತದೆ:
ಅಳಿವೆ ಎಂದು ಬರೆಯುವಲ್ಲಿ ಕೈ ಜಾರಿ
ಅಳಿವು ಎಂದಾದ ಹಾಗೆ.

ಅನ್ವಿತಾಳಿಗೂ ಉಂಟು.
ಅಮ್ಮನ ಮೂಗು ಬರಲಿಲ್ಲ, ಬಣ್ಣ ಬರಲಿಲ್ಲ.
ನಮ್ಮಲ್ಲಿ ಬಳಿ ಬರುವುದು ಅಮ್ಮನಿಂದ; ಇದೂ ಹಾಗೇ ಬಂತು.
ಬೆಳಿಗ್ಗೆ ರಾತ್ರಿ ಮಾತ್ರೆ, ದಿನಕ್ಕೊಂದು ಬೊಂಡ,
ತೆಗೆದುಕೊಳ್ಳಬಾರದ ಮದ್ದುಗಳ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ,
ಶಾಲೆಯಲ್ಲಿ ಗಂಟೆಯಿಂದ ದೂರದ ಬೆಂಚು.
ಮದುವೆಗಳಿಗೆ ಹೋಗುತ್ತೇವೆ,
ಗರ್ನಾಲು ಮುಗಿದ ಮೇಲೆ, ತಣ್ಣಗಾದ ಊಟಕ್ಕೆ.

ಬೋಟು ದಡದಲ್ಲಿರುವ ಎರಡು ತಿಂಗಳು
ನನಗೆ ಆಕಾಶ ನೋಡುವ ಕೆಲಸ.
ಮಿಂಚು ಮೊದಲು ಬರುತ್ತದೆ,
ಗುಡುಗಿಗೆ ಸ್ವಲ್ಪ ಹೊತ್ತು ಉಂಟು.
ಆ ಹೊತ್ತಿನಲ್ಲಿ ಒಬ್ಬಳ ಕಿವಿಗೆ
ನನ್ನ ಎರಡು ಅಂಗೈ ಸಾಕು.
ಮನೆಯಲ್ಲಿ ಇಬ್ಬರಿದ್ದಾರೆ.

ಮೊನ್ನೆ ನಸುಕಿನಲ್ಲಿ ಅಳಿವೆ ದಾಟುವಾಗ
ಹೊಸ ಹುಡುಗ ಹುರುಪಿನಲ್ಲಿ ಹಾರ್ನಿಗೆ ಕೈ ಹಾಕಿದ.
ಮಣಿಕಟ್ಟು ಹಿಡಿದೆ.
ಮನೆ ಎರಡು ಮೈಲು ಆಚೆ, ಕಿಟಕಿ ಮುಚ್ಚಿದೆ,
ಗಾಳಿಯೂ ಆ ಕಡೆಗಲ್ಲ.
ಕೇಳಿಸುವುದಿಲ್ಲ, ನನಗೂ ಗೊತ್ತು.
ಆದರೂ.
ಹಿಡಿದ ಬೆರಳಿನ ಕೆಳಗೆ ಅವನ ನಾಡಿ
ಒಂದೂ ತಪ್ಪದೆ ಹೊಡೆಯುತ್ತಿತ್ತು.
ಸ್ವಲ್ಪ ಹೊತ್ತು ಬಿಡಲಿಲ್ಲ.